ಸಮುದ್ರದ ಕಡೆ ಮುಖ ಮಾಡಿ

ಸಂಜೆಯ ಬಿಸಿಲು ಕೊಲ್ಲಿಯ ನೀರಿನ ಮೇಲೆ ಮಂದವಾಗಿ ಮಲಗಿತ್ತು. ಬೆರಿಲ್ ಕಾರಿನ ಎಂಜಿನ್ ಆರಿಸದೆ, ಅದರ ಹಿಂದಕ್ಕೆ ಕಟ್ಟಿದ ಮನೆಗಾಡಿ, ಕ್ಯಾರವಾನನ್ನು ಕನ್ನಡಿಯಲ್ಲಿ ನೋಡುತ್ತ ಕೂತಳು. ದಡಕ್ಕೆ ಬರಲು ಮನಸ್ಸಿಲ್ಲದ ದೋಣಿಯ ಹಾಗೆ ಅದು ತೇಲುತ್ತಿರುವಂತಿತ್ತು. ಹಿಂದೆ ನಿಂತು ದಾರಿ ತೋರಿಸಬೇಕಾದ ಗಂಡ ಮರ್ವ್ ಮಾತ್ರ ಗಾಡಿಗೆ ಮುಖ ಕೊಡದೆ ಸಮುದ್ರ ನೋಡುತ್ತಿದ್ದ.

ಅವನು ನೋಡುವುದೇ ಈಗ ಹಾಗೆ. ನೋಟದ ನಡುಭಾಗ ಮಸುಕಾಗಿ ಅಂಚು ಮಾತ್ರ ಉಳಿದಿತ್ತು. ಹೆಂಡತಿಯ ಮುಖ ಕಾಣಬೇಕಾದರೂ ಅವಳ ಕಿವಿಯಾಚೆಗೆ ದೃಷ್ಟಿ ನೆಡಬೇಕು. ಇಷ್ಟು ವರ್ಷ ಸ್ಟೇರಿಂಗ್ ಅವನದು, ಹಿಂದೆ ನಿಂತು ಕೈ ಬೀಸುವುದು ಅವಳದು. ಈಗ ಅದಲು ಬದಲು. ಬೆಳಿಗ್ಗೆ ಹೊರಡುವಾಗಲೇ ಹೇಳಿದ್ದ: "ಇವತ್ತು ನಿಂಗೆ ದಾರಿ ತೋರ್ಸಿ ಗಾಡೀನ ನೆಟ್ಟಗೆ ನಿಲ್ಸೋಕೆ ನನ್ ಕೈಲಿ ಆಗ್ದಿದ್ರೆ ಅದನ್ನ ಮಾರಿಬಿಡೋಣ ಕಣೆ. ಲಗೇಜ್ ಥರ ಕೂತ್ಕೊಂಡು ಊರು ಸುತ್ತೋಕೆ ನಂಗಿಷ್ಟ ಇಲ್ಲ."

ಯಾರಾದರೂ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರೆ ಇಂಥ ಗಾಡಿಗಳು ತಂಗುವ ಕ್ಯಾರವಾನ್ ಪಾರ್ಕಿನಲ್ಲಿ ಅದಕ್ಕಿಂತ ದೊಡ್ಡ ಮನರಂಜನೆ ಇಲ್ಲ. ಪಕ್ಕದ ಜಾಗದ ಗ್ಲೆನಿಸ್ ಮಡಚುವ ಕುರ್ಚಿಯನ್ನು ಇತ್ತ ತಿರುಗಿಸಿ, ಬಿಯರ್ ಹಿಡಿದು ಸಜ್ಜಾಗಿ ಕೂತಿದ್ದಳು.

"ಏನಪ್ಪಾ, ಗಾಡೀನ ಸಮುದ್ರದಲ್ಲಿ ನಿಲ್ಲಿಸ್ತೀಯೋ ಹೇಗೆ?"

"ನೀನು ಬಿಯರ್ ಕುಡಿಯಮ್ಮ, ಬಿಸಿಯಾಗುತ್ತೆ," ಎಂದ ಮರ್ವ್, ಮುಖ ತಿರುಗಿಸದೆ.

ಅವನ ಕೈ ಬಲಕ್ಕೆ ಎಂದಿತು. ಬೆರಿಲ್ ಬಂದಳು. ಇನ್ನೂ ಬಲಕ್ಕೆ ಎಂದಿತು. ಬಲಗನ್ನಡಿಯಲ್ಲಿ, ಗಾಡಿಗಳಿಗೆ ಕರೆಂಟ್ ಕೊಡುವ ಗಿಡ್ಡ ಕಂಬ ಗಾಡಿಗೆ ತಾಗುವಷ್ಟು ಹತ್ತಿರ ಕಂಡಿತು. ಪಾಪ, ಇವನಿಗೆ ಕಾಣುತ್ತಿಲ್ಲ ಎಂದುಕೊಂಡಳು. ಅವನಿಗೆ ಗೊತ್ತಾಗದ ಹಾಗೆ ಮೆಲ್ಲಗೆ ಎಡಕ್ಕೆ ತಂದಳು. ಗಂಡನ ಮರ್ಯಾದೆ ಉಳಿಸಿದೆನೆಂಬ ಸಮಾಧಾನ ಬೇರೆ!

ಹಿಂದೆ ಫಟ್ಟೆಂದು ಗಾಜು ಒಡೆಯಿತು.

ಇಳಿದು ನೋಡಿದಳು. ಎಡಗಡೆ ಗಾಡಿಯ ಮರೆಯಲ್ಲಿ ಸೊಂಟದೆತ್ತರದ ಮೋಟು ಮರ. ಗಾಡಿಯ ಹಿಂದಿನ ದೀಪದ ಕೆಂಪು ಚೂರುಗಳು ಮರಳಲ್ಲಿ ಮಿನುಗುತ್ತಿದ್ದವು.

"ಬಲಕ್ಕೆ ಅಂದೆನಲ್ಲ, ಮೋಟು ತಪ್ಪಿಸೋಕೆ," ಎಂದ ಮರ್ವ್. ದನಿಯಲ್ಲಿ ಜೀವವಿರಲಿಲ್ಲ. "ನಾನೇ ತಪ್ಪು ತೋರಿಸಿದ್ನಾ?"

ಹೂಂ ಎಂದಿದ್ದರೆ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತು. ಬೆರಿಲ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನೀನು ಸರಿಯಾಗೇ ತೋರಿಸ್ದೆ. ನಾನೇ ಕೇಳಲಿಲ್ಲ."

"ಯಾಕೆ?"

"ನಿಂಗೆ ಕಾಣಲ್ಲ ಅಂದ್ಕೊಂಡೆ."

ಗ್ಲೆನಿಸ್ ಬಿಯರ್ ಕೆಳಗಿಟ್ಟಳು. ದಡದಲ್ಲಿ ಪೆಲಿಕನ್ ಹಕ್ಕಿಯೊಂದು ರೆಕ್ಕೆ ಕೊಡವಿತು. ಆಮೇಲೆ ಮರ್ವ್‌ನ ಭುಜ ಕುಲುಕಿತು, ನಗುತ್ತಿದ್ದ.

"ನೀನು ಕೈ ಬೀಸ್ತಿದ್ದಾಗ ನಾನೂ ಒಂದು ದಿನ ಕೇಳ್ದೋನಲ್ಲ ಬಿಡು. ಹೋಗು, ಮುಂದಕ್ಕೆ ತಗೊಂಡು ಮತ್ತೆ ಬಾ."

ಈ ಸಲ ಅವಳು ಕಂಬ ನೋಡಲಿಲ್ಲ. ಕನ್ನಡಿಯೊಳಗೆ ತಂಗಾಳಿಯಲ್ಲಿ ಆಡುತ್ತಿದ್ದ ಆ ಕೈಯೊಂದನ್ನೇ ನೋಡುತ್ತ, ನಿದ್ದೆಯಲ್ಲಿ ನಡೆಯುವವಳ ಹಾಗೆ ಹಿಂದೆ ಹಿಂದೆ ಬಂದಳು. ಬೆರಳುಗಳು ಮುಷ್ಟಿಯಾದವು. ನಿಲ್ಲಿಸಿದಳು. ಗಾಡಿಗೂ ಕಂಬಕ್ಕೂ ನಡುವೆ ಒಂದು ಗೇಣು.

ಮುಂದಿನದಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ. ಮಂಡಿಯೂರಿ, ಬೆರಳಲ್ಲೇ ತಡವಿ ನಲ್ಲಿಗೆ ಪೈಪು ತಿರುಗಿಸಿದ. ಗಾಡಿಯ ವೈರನ್ನು ಕಂಬದ ಸಾಕೆಟ್ಟಿಗೆ ಸಿಕ್ಕಿಸಿದ.

"ಬಂತಾ?" ಎಂದು ಎಂದಿನಂತೆ ಹೊರಗಿನಿಂದ ಕೂಗಿದ.

ಒಳಗೆ ದೀಪ ಹತ್ತಿತು. "ಬಂತು," ಎನ್ನುತ್ತ ಬೆರಿಲ್ ಬಾಗಿಲಿಗೆ ಬಂದಳು.

"ನಾಳೆ ಕೆಂಪು ಗಾಜು ಹುಡುಕ್ಬೇಕು. ಆಮೇಲೆ ಎಲ್ಲಿಗೆ?" ಎಂದ.

ಕತ್ತಲಿಳಿಯುತ್ತಿದ್ದ ಸಮುದ್ರದ ಕಡೆ, ಅವಳ ಕಿವಿಯಾಚೆಗೆ, ಅವನ ಮುಖವಿತ್ತು. ಬೆರಿಲ್ ಕೆದರಿದ ಕೂದಲನ್ನು ಸರಿಮಾಡಿಕೊಂಡಳು.