ಸೂರ್ಯನಿಂದ ಮೊದ್ಲು ಬಂದೋರು

ನನ್ ಮೊಮ್ಮಗಳು ಪಲ್ಲವಿಗೆ ಗುಬ್ಬಿ ಕಾಲೇಜಲ್ಲಿ ಪಾಠ ಹೇಳೋ ಕೆಲ್ಸ ಸಿಗ್ಬೇಕಂದ್ರೆ ಒಂದ್ ಡೆಮೊ ಕ್ಲಾಸ್ ಮಾಡಿ ತೋರಿಸ್ಬೇಕಿತ್ತು. ಹೋದ್ಸಲ ತುಮಕೂರಲ್ಲಿ ಮಾಡಿದ್ಲು. ‘ನಿಂಗೆ ಗೊತ್ತಮ್ಮ, ಮಕ್ಳಿಗೆ ತಿಳಿಯಲ್ಲ’ ಅಂತ ವಾಪಸ್ ಕಳ್ಸಿದ್ರು. ಅವತ್ತು ಇವ್ಳು ಅತ್ತಿದ್ದಕ್ಕೆ ಅಮಾನಿಕೆರೆ ಕೋಡಿ ಬಿತ್ತು.

ಈ ಸಲ ಹಿಂದಿನ ದಿನ ಸಂಜೆ ನಮ್ಮೂರು ಹೆಬ್ಬೂರಿಗೆ ಬಂದು, ನನ್ನೇ ಕೂರಿಸ್ಕೊಂಡು ಪಾಠ ಶುರು ಹಚ್ಕೊಂಡ್ಲು.

“ಸೂರ್ಯನಲ್ಲಿ ಜ್ವಾಲೆ ಸಿಡಿದಾಗ ಕಬ್ಬಿಣದ ಕಣ, ಆಕ್ಸಿಜನ್ ಕಣ ಎಲ್ಲಾ ಈ ಕಡೆ ಹಾರ್ತವೆ ಅಜ್ಜಿ. ಎಷ್ಟೋ ಸಲ ಮೊದ್ಲು ಬರೋದ್ರಲ್ಲಿ ಕಬ್ಬಿಣದ ಪಾಲು ಜಾಸ್ತಿ. ಬರ್ತಾ ಬರ್ತಾ ಅದು ಇಳಿದು ಆಕ್ಸಿಜನ್ ಪಾಲು ಏರುತ್ತೆ.”

“ಸುಳ್ಳು ಕಣೇ! ರಾಗಿ ತೂರೋವಾಗ ಭಾರದ ಕಾಳು ಕಾಲಡೀಲೇ ಬೀಳುತ್ತೆ, ಹೊಟ್ಟು ದೂರ ಹೋಗುತ್ತೆ. ಕಬ್ಬಿಣ ಅದೆಂಗೆ ಮುಂದೆ ಬಂದಾತು?”

ಅವ್ಳ ಮುಖ ಬಾಡ್ತು. “ಅಲ್ಲಿ ಗಾಳಿ ಇಲ್ಲ ಅಜ್ಜಿ. ದಾರಿ ತುಂಬಾ ಅಯಸ್ಕಾಂತದ ಸುಳಿ, ಅತ್ಲಾಗಿತ್ಲಾಗೆ ತಳ್ತವೆ. ಕಬ್ಬಿಣದ ಕಣ ಭಾರ, ಅಷ್ಟು ಸಲೀಸಾಗಿ ತಿರುಗಲ್ಲ.” ನನ್ ಕಡೆ ತಿರುಗಿ ಕೇಳಿದ್ಲು, “ಕುಣಿಗಲ್ ಬಸ್‌ಸ್ಟ್ಯಾಂಡಲ್ಲಿ ತಾತನ್ನ ಯಾರಾದ್ರೂ ತಳ್ಳೋಕಾಗ್ತಿತ್ತಾ?”

“ನಿಮ್ ತಾತನ್ನಾ? ಅವ್ರು ಕೂತ್ರೆ ಬಸ್ಸೇ ವಾಲ್ತಿತ್ತು! ಸಂತೆ ದಿನ ಜನ ಇರುವೆ ಮುತ್ಕೊಂಡಂಗಿದ್ರೂ ನೆಟ್ಟಗೆ ನುಗ್ಗಿ ಕಿಟಕಿ ಸೀಟಿಗೆ ಟವೆಲ್ ಹಾಕೋರು. ನಾನು ಕಡ್ಡಿ. ಅವ್ರಿವ್ರ ಕೈಲಿ ತಳ್ಳಿಸ್ಕೊಂಡು, ಬಸ್ ಹೊರಡೋ ಹೊತ್ಗೆ ಹತ್ತುತಿದ್ದೆ.”

ಅವ್ಳು ನಕ್ಕು ನನ್ ಕೆನ್ನೆ ಹಿಂಡಿದ್ಲು.

ಮಾರನೇ ದಿನ ನಾನೂ ಗುಬ್ಬಿಗೆ ಹೋಗಿ ಕ್ಲಾಸಿನ ಕಿಟಕಿ ಆಚೆ ಕೂತೆ. ಅವ್ಳು ಕುಣಿಗಲ್ ಬಸ್‌ಸ್ಟ್ಯಾಂಡ್ ಕತೆ ಹೇಳಿ, ನಮ್ ತಾತ ಗುಂಡಯ್ಯ ಕಬ್ಬಿಣ, ಅಜ್ಜಿ ಆಕ್ಸಿಜನ್ ಅಂದ್ಲು.

“ಇವ್ರಿಬ್ರೂ ಸೂರ್ಯನಿಂದ ಹೊರಟ್ರೆ ಮೊದ್ಲು ಯಾರು ಬರ್ತಾರೆ?”

ಮಕ್ಳು ಒಬ್ರ ಮುಖ ಒಬ್ರು ನೋಡ್ಕೊಂಡ್ರು. ಹಿಂದೆ ಕೂತಿದ್ದ ದೊಡ್ ಮೇಷ್ಟ್ರು ವಾಚ್ ನೋಡ್ಕೊಂಡ್ರು. ಪಲ್ಲವಿ ಕಿಟಕಿ ಕಡೆ ತಿರುಗಿದ್ಲು.

ಗಂಡನ ಹೆಸ್ರು ಹೇಳಿದ್ರೆ ಆಯಸ್ಸು ಕಮ್ಮಿ ಆಗುತ್ತೆ ಅಂತ ನಮ್ಮತ್ತೆ ಹೇಳ್ಕೊಟ್ಟಿದ್ರು. ನಮ್ ಯಜಮಾನ್ರು ತೀರಿಹೋದ್ಮೇಲೂ ಆ ಹೆಸ್ರು ನನ್ ಬಾಯಿಗೆ ಬಂದಿರ್ಲಿಲ್ಲ. ಅವತ್ತು ಕಿಟಕಿಯಿಂದ ದೇವರಾಯನದುರ್ಗದ ಬೆಟ್ಟಕ್ಕೆ ಕೇಳೋ ಹಂಗೆ ಕೂಗ್ದೆ, “ಗುಂಡಯ್ಯ!”

ಕ್ಲಾಸೆಲ್ಲಾ ಗೊಳ್ ಅಂತು. ಒಬ್ಳು ಹುಡ್ಗಿ ಎದ್ದು, “ಆಮೇಲೆ ಅಜ್ಜಿ, ಮಿಸ್, ತಳ್ಳಿಸ್ಕೊಂಡು ತಳ್ಳಿಸ್ಕೊಂಡು!” ಅಂದ್ಲು. ದೊಡ್ ಮೇಷ್ಟ್ರೂ ನಕ್ಕು, “ಸೋಮವಾರದಿಂದ ಬಾಮ್ಮ” ಅಂದ್ರು.

ವಾಪಸ್ ಬರೋವಾಗ ಬಸ್ಸಲ್ಲಿ ಕಿಟಕಿ ಸೀಟು ನಂಗೇ ಸಿಕ್ತು. ಮೊದ್ಲು ಬಂದೋರು ನೀವು, ಮೊದ್ಲೇ ಇಳಿದ್ ಹೋಗ್ಬುಟ್ರಿ. ನಾನಿನ್ನೂ ತಳ್ಳಿಸ್ಕೊಂಡು ಬರ್ತಾ ಇದೀನಿ ಕಣ್ರೀ. ನಿಮ್ ಪಕ್ಕದ ಸೀಟಿಗೆ ಟವೆಲ್ ಹಾಕಿಟ್ಟಿರಿ.