ಇಂಗ್ಲೆಂಡಿನ ಗೆರೆ, ಜಪಾನಿನ ಗೆರೆ

"ಆರನೇ ಕ್ಲಾಸಿಗೇ ಶಾಲೆ ಬಿಟ್ಟವ್ನಿಗೆ ಇಂಗ್ಲೆಂಡೂ ಒಂದೇ, ಗಂಗೊಳ್ಳಿಯೂ ಒಂದೇ! ಸುಮ್ನೆ ಕೂಕೋ ಪಾಂಡು."

ಉಮಾನಾಥ ಶೆಟ್ಟರು ಹೀಗಂದದ್ದೇ, ತೆಕ್ಕಟ್ಟೆಯ ಅವರ ಮರದ ಡಿಪೋದಲ್ಲಿ ಚಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಹೊರಗೆ, ಪಾಂಡು ಮೀನು ಸಾಗಿಸಲೆಂದು ಗೊತ್ತುಮಾಡಿದ್ದ ಐಸಿನ ಲಾರಿಯಲ್ಲಿ ಕೂತಿದ್ದ ಡ್ರೈವರ್ ಮುತ್ತನೂ ನಕ್ಕ. ಪಾಂಡುವಿನ ಕಿವಿ ಬಿಸಿಯಾಯಿತು. ಅವನು ಕೇಳಿದ್ದಾದರೂ ಎಂಥದು? ಮೊದಲೇ ಹೇಳಿಟ್ಟಿದ್ದ ಮೀನಿನ ಪೆಟ್ಟಿಗೆಯ ಹಲಗೆ ಕೊಡಿ, ಅಷ್ಟೆ. ಮೊಳೆ ನಾವೇ ಹೊಡೆದುಕೊಳ್ಳುತ್ತೇವೆ ಎಂದು ಸುತ್ತಿಗೆಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ.

ಬೆಳಿಗ್ಗೆ ಬೀಜಾಡಿಯಲ್ಲಿ ರಂಪಣಿ ಬಲೆಯನ್ನು ದಡಕ್ಕೆ ಎಳೆದಾಗ ಬಂಗುಡೆ ಮೀನು ರಾಶಿ ಬಿದ್ದಿತ್ತು. ಎಂದಿನಂತೆ ಅಗ್ಗಕ್ಕೆ ಕೊಳ್ಳಲು ದಲಾಲಿ ಸೈಕಲ್ ಹತ್ತಿ ಬಂದಿದ್ದ. "ಈ ಸರ್ತಿ ಅವ್ನಿಗೆ ಬ್ಯಾಡ. ನಾವೇ ಬೊಂಬಾಯಿಗೆ ಕಳ್ಸುವ" ಎಂದು ಎದೆ ತಟ್ಟಿಕೊಂಡವನು ಪಾಂಡು. ಅವನ ಮಾತು ನಂಬಿ ಕೇರಿಯ ಹೆಂಗಸರು ದಲಾಲಿಯನ್ನು ಬೈದು ಅಟ್ಟಿದ್ದರು. ಮೀನಿಗೆ ಒದ್ದೆ ಗೋಣಿ ಹೊದೆಸುತ್ತಾ ತಾಯಿ ಜಲಜ, "ಬೇಗ ಬಾ ಮಗ. ತಡ ಆದ್ರೆ ಎಲ್ಲ ಉಪ್ಪ್ ಹಾಕಿ ಒಣಗ್ಸೂಕೇ ಸೈ" ಅಂದಿದ್ದಳು.

ಡಿಪೋದಲ್ಲಿ ಹಲಗೆ ಎದುರಿಗೇ ಒಟ್ಟಿ ಇಟ್ಟಿತ್ತು. ಆದರೆ ಬೊಂಬಾಯಿ ಬಂದರಿನಲ್ಲಿ ಗುಮಾಸ್ತನಾಗಿದ್ದ ಶೆಟ್ಟರ ಅಳಿಯ, ಕಳೆದ ಹತ್ತು ವರ್ಷಗಳಲ್ಲಿ ಇಂಗ್ಲೆಂಡೂ ಜಪಾನೂ ವರ್ಷಕ್ಕೆ ಎಷ್ಟು ರೂಪಾಯಿಯ ಮೆದು ಮರ ತರಿಸುತ್ತವೆ ಎಂದು ಬರೆದು ಕಳಿಸಿದ್ದ. ಅಂದಿನಿಂದ ಶೆಟ್ಟರಿಗೆ ತಮ್ಮ ಹಲಗೆಯನ್ನು ಹಡಗು ಹತ್ತಿಸುವ ಹುಚ್ಚು. ಡಿಪೋದ ಗೋಡೆಯ ಕರಿಹಲಗೆಯ ಮೇಲೆ ಇಂಗ್ಲೆಂಡಿಗೊಂದು ಕೆಂಪು ಗೆರೆ, ಜಪಾನಿಗೊಂದು ಬಿಳಿ ಗೆರೆ. ಯಾವುದು ಮೇಲೇರುತ್ತದೋ ಆ ದೇಶಕ್ಕೆ ಮರ. ಅಲ್ಲಿಯವರೆಗೆ ಒಂದು ತುಂಡೂ ಹೊರಗೆ ಹೋಗಕೂಡದು.

"ಮೀನ್ ಹಾಳಾತ್ತ್ ಶೆಟ್ರೆ!"

"ಮೀನ್ ನಾಳೆಯೂ ಬತ್ತ್. ಇಂಥ ವ್ಯಾಪಾರ ಬತ್ತಾ?"

ಪೆನ್ಶನ್ ಮೇಷ್ಟ್ರು ಚೆನ್ನಯ್ಯ ಕನ್ನಡಕ ಏರಿಸಿ ಕರಿಹಲಗೆಯ ಹತ್ತಿರ ಹೋದರು. "ಹ್ವಾಯ್ ಶೆಟ್ರೆ, ಹೋದ್ವರ್ಷ, ಅರ್ವತ್ತಾರ್ರಲ್ಲಿ, ಎರಡೂ ಗೆರೆ ಒಟ್ಟಿಗೇ ಹಾರಿತ್ ಕಾಣಿ. ಅವ್ರ್ ಮರ ಹೆಚ್ಚ್ ತರ್ಸದ್ದಲ್ಲ, ನಮ್ ರೂಪಾಯಿ ಬೆಲೆ ಬಿದ್ದದ್ದ್."

ಪಾಂಡುವಿಗೆ ಜೀವ ಬಂದಂತಾಯಿತು. ಮುಗಿಯಿತಲ್ಲ ಈ ಗ್ರಹಚಾರ!

"ಹಾಂಗಾರೆ ಒರ್ಸಿ ಎಲ್ಲ!" ಶೆಟ್ಟರು ಬಟ್ಟೆ ಎಸೆದರು. "ರೂಪಾಯಿ ಬಿಟ್ಟ್ ಪೌಂಡ್ ಲೆಕ್ಕದಲ್ಲೇ ಬರಿವ. ಐವತ್ತೇಳನೇ ಇಸ್ವಿಯಿಂದ ಶುರು ಮಾಡಿ ಮೇಷ್ಟ್ರೆ."

ಐವತ್ತೇಳರಿಂದ! ಪಾಂಡು ಹಲ್ಲು ಕಚ್ಚಿದ. ಮೇಷ್ಟ್ರು ಭಾಗಿಸಿದರು, ಒರೆಸಿದರು, ಮತ್ತೆ ಭಾಗಿಸಿದರು. ಅರವತ್ತೆರಡನೇ ಇಸವಿ ದಾಟುವಾಗ ಎರಡನೇ ಚಾ ಬಂತು. ಲಾರಿಯಡಿ ಐಸಿನ ನೀರು ಹರಿದು ರಸ್ತೆಗಿಳಿದಿತ್ತು.

"ಐಸ್ ಕರ್ಗತ್ತ್ ಮಾರಾಯಾ. ಮಲ್ಪೆಯವ್ರ್ ಕಾಯ್ತಾ ಇದ್ರ್. ನಾ ಹೋತೆ" ಎಂದು ಮುತ್ತ ಗಾಡಿ ಹೊರಡಿಸಿದ. ಪಾಂಡು ರಸ್ತೆಯವರೆಗೂ ಓಡಿದ, ಬರಿಗೈಯಲ್ಲಿ ಮರಳಿದ.

ಒಳಗೆ ಕೆಂಪು ಬಿಳಿ ಗೆರೆಗಳು ಒಂದಕ್ಕೊಂದು ತೊಡರಿಕೊಂಡು ಯಾವುದು ಮೇಲೆ ಯಾವುದು ಕೆಳಗೆ ತಿಳಿಯದಾಗಿತ್ತು. ಶೆಟ್ಟರು ಸೀಮೆಸುಣ್ಣ ಬಿಸಾಡಿದರು.

"ಈ ದೇಶಗಳ ಸಾವಾಸವೇ ಬ್ಯಾಡ! ಹ್ವಾಯ್ ಪಾಂಡು, ತಕೊಂಡ್ ಹೋಗ್ ನಿನ್ ಹಲ್ಗಿ."

ಲಾರಿಯೂ ಐಸೂ ಹೋದ ಮೇಲೆ ಪಾಂಡುವಿಗೆ ಹಲಗೆ ಯಾತಕ್ಕೆ? ಕೈ ಸುತ್ತಿಗೆಯ ಹಿಡಿಗೆ ಹೋಯಿತು. ಮತ್ತೆ ಕೆಳಗಿಳಿಯಿತು.

"ಎಂತ? ಈಗ ಬ್ಯಾಡ್ದಾ? ಗಂಟ್ಲಂಗೆ ಮುಳ್ಳ್ ಸಿಕ್ಕಿತಾ?"

ಚಾ ಕುಡಿಯುವವರು ಮತ್ತೊಮ್ಮೆ ನಕ್ಕರು. ಪಾಂಡು ಹೊರಬಿದ್ದು, ಎದುರಿನ ಅಂಗಡಿಯಿಂದ ಒಂದು ಮೂಟೆ ಉಪ್ಪು ಎತ್ತಿ ತಲೆಯ ಮೇಲಿಟ್ಟುಕೊಂಡ. ಹಿಂದಿನಿಂದ ಶೆಟ್ಟರು ಇನ್ನೂ ಕೂಗುತ್ತಲೇ ಇದ್ದರು. ಅವನು ಬೀಜಾಡಿಯ ದಾರಿ ಹಿಡಿದು ನಡೆದ.