ಗಾಳಿ ತರಿಸಿದ ಕಣ್ಣೀರು

ಬಾರ್ಟ್ಲಿ ಒಳಗೆ ಬಂದವನೇ ಬಾಗಿಲ ಹಿಂದಿನ ಮೊಳೆಯಿಂದ ಪೆಗೀನಳ ಕೋಟು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ, ಆ ಜಾಗದಲ್ಲಿ ತನ್ನ ಟೋಪಿ ತೂಗುಹಾಕಿದ. ಒಂಬತ್ತು ವರ್ಷದ ಮೇಲೆ ಬಂದ ಗಂಡ ಈಗಷ್ಟೇ ಅಂಗಡಿಗೆ ಹೋಗಿ ಬಂದವನ ಹಾಗೆ ನಡೆದುಕೊಳ್ಳುತ್ತಿದ್ದ. ಕೈಯಲ್ಲಿದ್ದ ಸೂಟ್‌ಕೇಸು ಮಾತ್ರ ಹೊಸದು.

"ನೋಡ್ದೆ ಕಣೇ," ಅಂದ. "ಬಾಸ್ಟನ್ನಲ್ಲಿ, ನಮ್ಮೂರೋರು ಸೇರೋ ಪಬ್ಬಲ್ಲಿ ದೊಡ್ಡ ಪರದೆ ಮೇಲೆ ಹಾಕಿದ್ರು ನಿನ್ನ ಹಾಡಿನ ವಿಡಿಯೋನ. ಒಬ್ರೂ ಪಿಟಿಕ್ ಅನ್ಲಿಲ್ಲ. ನಿನ್ನ ಕಣ್ಣಲ್ಲಿ ನೀರು ನೋಡಿ ನನಗೆ ಕೂತಲ್ಲಿ ಕೂರೋಕಾಗ್ಲಿಲ್ಲ."

"ಅದು ಗಾಳಿಗೆ ಬಂದ ನೀರು."

"ಹೌದೌದು. ಗಾಳಿಗೆ." ಬಾರ್ಟ್ಲಿ ನಕ್ಕು ಒಲೆಯ ಪಕ್ಕದ ಕುರ್ಚಿ ಎಳೆದುಕೊಂಡ.

"ಹಾಡಿನ ಮಾತು ಕಿವಿಗೆ ಬಿತ್ತಾ ಇಲ್ವಾ?"

"ಮಾತು ಬಿಡೇ. ಸಿಟ್ಟಲ್ಲಿ ಏನೇನೋ ಕಟ್ಟಿದೀಯ. ಮಾತು ಸುಳ್ಳು ಹೇಳ್ಬೋದು, ಮುಖ ಹೇಳುತ್ತಾ?"

ಆಗಲೇ ಅವನನ್ನು ಹೊರಗೆ ಹಾಕಬೇಕಿತ್ತು. ಮನೆ ಪೆಗೀನಳ ತಾಯಿಯದು, ತಾಯಿಯ ನಂತರ ಅವಳದು. ಹೊರಗೆ ಹಾಕುವುದು ಅವಳಿಗೆ ಹೊಸದೂ ಅಲ್ಲ, ಒಮ್ಮೆ ಹಾಕಿದವಳೇ. ಆದರೂ ಅವಳು ಹೋಗಿ ಚಹಾಕ್ಕೆ ನೀರಿಟ್ಟಳು. ಯಾಕೆ ಇಟ್ಟೆ ಎಂದು ಆಮೇಲೆ ತನ್ನನ್ನೇ ಬೈದುಕೊಂಡಳು. ನಿಜ ಹೇಳಬೇಕೆಂದರೆ ಆ ವಿಡಿಯೋವನ್ನು ಅವಳೂ ಹತ್ತಾರು ಸಲ ನೋಡಿದ್ದಳು. ಅದರೊಳಗಿನ ಹೆಂಗಸು ಯಾರಿಗಾಗಿಯೋ ಕಾಯುತ್ತಿದ್ದಾಳೆ ಎಂದು ಅವಳಿಗೂ ಅನಿಸತೊಡಗಿತ್ತು.

ಐರ್ಲೆಂಡಿನ ಕೊನ್ನೆಮಾರಾದ ಆ ಕರಾವಳಿಯಲ್ಲಿ ಏನಾದರೂ ನಡೆದರೆ ಯಾರಾದರೂ ಅದರ ಮೇಲೊಂದು ಹಾಡು ಕಟ್ಟುತ್ತಾರೆ. ದೋಣಿ ಮುಳುಗಿದರೆ ಹಾಡು, ಪಕ್ಕದ ಮನೆಯ ಹೋತ ಪಾದ್ರಿಯ ತೋಟಕ್ಕೆ ನುಗ್ಗಿದರೂ ಹಾಡು. ಪೆಗೀನ್ ಏಡಿ ಬಿಡಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ ಕಟ್ಟಿದ ಹಾಡಿಗೆ ಏಳು ನುಡಿ. ಗಂಡನನ್ನು ಮನೆಯಿಂದ ಹೊರಗೆ ಹಾಕಿದ ಕತೆ ಅದು. ಮೂರನೆಯ ನುಡಿ ಬಂದಾಗ ಕಾರ್ಖಾನೆಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು:

ನಿನ್ನ ಅಂಗಿ ಕೊಟ್ಟೆ, ನಿನ್ನ ಬೂಟು ಕೊಟ್ಟೆ,
ಮೊಳೆಗೆ ತೂಗಿದ ಟೋಪಿಯನೂ ಕೊಟ್ಟೆ;
ಮೊಳೆಯ ಕೇಳಬೇಡ, ಅಪ್ಪ ಹೊಡೆದದ್ದು ಅದು,
ಅದರ ಮೇಲೀಗ ನನ್ನ ಕೋಟು.

ಆರನೆಯ ನುಡಿಗೆ ಮಾತ್ರ ಯಾರೂ ನಗುತ್ತಿರಲಿಲ್ಲ. ಅದನ್ನು ಕೇಳಿ ಹೆಂಗಸರು ಹಲ್ಲು ಕಡಿಯುತ್ತಿದ್ದರು.

ಐರಿಷ್ ಭಾಷೆಯ ರೇಡಿಯೋದವರು ಬಂದು ಹಾಡನ್ನು ಧ್ವನಿಮುದ್ರಿಸಿಕೊಂಡು ಹೋದರು. ವರ್ಷವಿಡೀ ಅದು ಮೊಳಗಿತು, ಜನ ನಕ್ಕರು. ಆಮೇಲೆ ಡಬ್ಲಿನ್ನಿನಿಂದ ವಿಡಿಯೋ ಮಾಡುವ ಹುಡುಗಿಯೊಬ್ಬಳು ಬಂದಳು. ಒಳ್ಳೆಯ ಹುಡುಗಿ, ಬರುವಾಗ ಕೇಕು ತಂದಿದ್ದಳು. ಪೆಗೀನಳನ್ನು ದೋಣಿಕಟ್ಟೆಯ ತುದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಎರಡು ಗಂಟೆ ನಿಲ್ಲಿಸಿದಳು. ಮಾರ್ಚ್ ತಿಂಗಳು, ಕಡಲನಾಯಿಗೂ ಕಣ್ಣೀರು ತರಿಸುವ ಗಾಳಿ. "ಕಣ್ಣು ಮುಚ್ಬೇಡಿ, ಸಮುದ್ರ ನೋಡಿ," ಅಂದಳು. ಹುಟ್ಟಿದ ಲಾಗಾಯ್ತು ಪೆಗೀನ್ ಕಣ್ಣು ತೆರೆದು ಹಾಡಿದವಳಲ್ಲ, ಅಲ್ಲಿ ಯಾರೂ ಹಾಗೆ ಹಾಡುವುದಿಲ್ಲ. ಹಿಂದಿನವರಂತೂ ಗೋಡೆಗೇ ಮುಖ ಮಾಡಿ ಕೂರುತ್ತಿದ್ದರು. ಹಾಡು ಕೇಳುವುದಕ್ಕೆ, ಹಾಡುವವರ ಮೋರೆ ನೋಡುವುದಕ್ಕಲ್ಲ ಎನ್ನುವುದು ಅವರ ಲೆಕ್ಕ. ಆದರೆ ಕೇಕು ತಂದ ಹುಡುಗಿಗೆ ಇಲ್ಲ ಅನ್ನುವುದು ಹೇಗೆ? ಪೆಗೀನ್ ಕಣ್ಣು ತೆರೆದಳು. ಕಣ್ಣಲ್ಲಿ ನೀರು ಸುರಿಯಿತು.

ಆಮೇಲೆ ಆ ಹುಡುಗಿ ಮನೆಯೊಳಗೆ ಬಂದು ಮೊಳೆಯ ಮೇಲಿದ್ದ ಕೋಟನ್ನು ತೆಗೆಸಿದಳು. ಕೋಟಿದ್ದರೆ ಚಿತ್ರ ತುಂಬಿಕೊಂಡ ಹಾಗೆ ಕಾಣುತ್ತದಂತೆ. "ಬರೀ ಮೊಳೆನ ಒಮ್ಮೆ ಮೆಲ್ಲಗೆ ಮುಟ್ಟಿ," ಅಂದಳು. ಪೆಗೀನ್ ಮುಟ್ಟಿದಳು.

ಅಷ್ಟೇ ನಡೆದದ್ದು. ವಿಡಿಯೋಕ್ಕೂ ರೇಡಿಯೋದವರ ಧ್ವನಿಮುದ್ರಣವನ್ನೇ ಬಳಸಿದ್ದರು, ಒಂದಕ್ಷರ ಕತ್ತರಿಸಿರಲಿಲ್ಲ. ಆದರೆ ವಿಡಿಯೋ ಬಂದ ಮೇಲೆ ಕಾರ್ಖಾನೆಯ ರೇಡಿಯೋದಲ್ಲಿ ಅದೇ ಹಾಡು ಬಂದರೆ ಅದೇ ಹೆಂಗಸರು ಮೂರನೆಯ ನುಡಿಗೆ ಕೈಗವಸಿನ ಹಿಂಬದಿಯಿಂದ ಕಣ್ಣೊರೆಸಿಕೊಳ್ಳತೊಡಗಿದರು. "ಪಾಪ, ಎಷ್ಟು ಇಟ್ಕೊಂಡಿದಾಳೆ ಒಳಗೆ," ಎಂದು ಪಿಸುಗುಟ್ಟಿದರು. ನಿನ್ನೆ ಮೊನ್ನೆಯವರೆಗೆ ನಕ್ಕವರು! ಐರಿಷ್ ಬಾರದ ಪ್ರವಾಸಿಗರು ಅತ್ತರೆ ಹೋಗಲಿ ಅನ್ನಬಹುದು. ಮೊಲೆಹಾಲಿನ ಜೊತೆ ಆ ಭಾಷೆ ಕುಡಿದವರಿಗೆ ಏನಾಗಿತ್ತು?

ಬುಧವಾರ ಬಂದ ಬಾರ್ಟ್ಲಿ ಗುರುವಾರ ಬೆಳಗ್ಗೆ ಮೂರು ಮೊಟ್ಟೆ ತಿಂದ. ಮಧ್ಯಾಹ್ನ ಊರಲ್ಲಿ ಒಂದು ಸುತ್ತು ಹಾಕಿ ಬಂದ, ಸಿಕ್ಕಸಿಕ್ಕವರೆಲ್ಲ ಅವನ ಬೆನ್ನು ತಟ್ಟಿದರಂತೆ. ರಾತ್ರಿ ಮಾತ್ರ ಪೆಗೀನ್ ಅವನಿಗೆ ಹಿಂದಿನ ಕೋಣೆ ತೋರಿಸಿ ತನ್ನ ಬಾಗಿಲಿಗೆ ಅಗಳಿ ಹಾಕಿಕೊಂಡಳು.

ಶುಕ್ರವಾರ ಅಕ್ಕ ನೆಲ್ ಸೇಬಿನ ಕಡುಬು ತಂದಳು. ಒಂಬತ್ತು ವರ್ಷದ ಹಿಂದೆ ಬಾರ್ಟ್ಲಿಯ ಹಳೆಯ ಸೂಟ್‌ಕೇಸಿಗೆ ಅಂಗಿ ತುರುಕಿದವಳು ಇದೇ ನೆಲ್.

"ಬಂದಿದಾನಲ್ಲೇ ಪಾಪ, ಅಷ್ಟು ದೂರದಿಂದ," ಅಂದಳು.

"ಅಕ್ಕಾ, ಅಮ್ಮ ಸತ್ತ ದಿನ ಮರೆತುಹೋಯ್ತಾ ನಿಂಗೆ?"

"ಎಲ್ಲಿ ಮರೀತೀನಿ. ಆದ್ರೂ ನಿನ್ನ ಆ ಮುಖ ನೋಡಿದ್ಮೇಲೆ... ಮೊಳೆ ಮುಟ್ತೀಯಲ್ಲ, ನನಗೆ ಕರುಳು ಕಿವುಚಿದ ಹಾಗಾಯ್ತು. ನಿನ್ನ ಒಳಗಿಂದು ನಿಂಗೇ ಗೊತ್ತಿಲ್ಲ ಕಣೇ."

ಅಕ್ಕ ಹೋದ ಮೇಲೆ ಪೆಗೀನ್ ಪಾತ್ರೆ ತೊಳೆಯುತ್ತ ಹಾಡನ್ನು ಗುನುಗಿದಳು. ಮೂರನೆಯ ನುಡಿಗೆ ಬಂದಾಗ ದನಿ ತಾನಾಗಿ ತಗ್ಗಿತು, ಟೋಪಿಯ ಸಾಲಿನಲ್ಲಿ ಒಂದು ನಿಟ್ಟುಸಿರೂ ಬಂತು. ಅವಳು ಗಾಬರಿಯಾಗಿ ನಿಲ್ಲಿಸಿದಳು. ಆ ನಿಟ್ಟುಸಿರು ಹಾಡಿನದಲ್ಲ. ಅದು ವಿಡಿಯೋದ ಹೆಂಗಸಿನದು.

ಶನಿವಾರ ಅವಳು ಕೊಲಂ ಅಜ್ಜನ ಮನೆಗೆ ಹೋದಳು. ವಾರಕ್ಕೊಮ್ಮೆ ಅವನಿಗೆ ಬೇಯಿಸಿದ ಬಂಗುಡೆ, ಆಲೂಗಡ್ಡೆ ಕೊಟ್ಟು ಬರುವುದು ರೂಢಿ. ಎಂಬತ್ತೆರಡರ ಕೊಲಂ ಆ ಭಾಗದ ಹಾಡುಗಳ ಹಿರಿಯ. ಆರು ವರ್ಷದಿಂದ ಎರಡೂ ಕಣ್ಣಿಲ್ಲ. ಒಲೆಯ ಮೇಲಿನ ಹಲಗೆಯಲ್ಲಿ ರೇಡಿಯೋ ಸದಾ ಹಾಡುತ್ತಿರುತ್ತಿತ್ತು. ಪೆಗೀನ್ ಮೀನಿನ ಮುಳ್ಳು ತೆಗೆಯುತ್ತಿದ್ದಾಗ ಅವಳ ಹಾಡೇ ಬಂತು. "ಮತ್ತೆ ಒಂದಾದ ಬಾರ್ಟ್ಲಿ ಪೆಗೀನ್ ಇಬ್ಬರಿಗೂ ನೆರೆಹೊರೆಯವರ ಹಾರೈಕೆ," ಎಂದು ಹೇಳಿ ಹಾಕಿದರು. ಅವಳಿಗೆ ಮೈಯೆಲ್ಲ ಉರಿಯಿತು.

ಮೂರನೆಯ ನುಡಿ ಬಂತು. ಕೊಲಂ ಅಜ್ಜ ಬೊಚ್ಚುಬಾಯಿ ತೆರೆದು, ಕೆಮ್ಮು ಬರುವವರೆಗೂ ನಕ್ಕ.

"ಯಾಕಜ್ಜ ನಗ್ತೀಯ?"

"ಯಾಕೆ ಅಂದ್ರೆ? ಮೊಳೆ ಮಾತ್ರ ಕೊಡಲ್ಲ ಅಂತೀಯಲ್ಲೇ! ಎಷ್ಟು ಸಲ ಕೇಳಿದ್ರೂ ನಗು ತಡೆಯೋಕಾಗಲ್ಲ."

"ಊರೆಲ್ಲ ಅಳ್ತಿದೆ ಅದಕ್ಕೆ."

"ಅಳೋದು ಏನಿದೆ ಅದರಲ್ಲಿ?"

ಅವಳು ಎಲ್ಲವನ್ನೂ ಹೇಳಿದಳು: ಕೇಕು, ಗಾಳಿ, ಕೋಟು, ಮೊಳೆ. ಅಜ್ಜ ಆಲೂಗಡ್ಡೆ ಅಗಿಯುತ್ತ ಕೇಳಿದ.

"ಕಣ್ಣು ಯಾಕೆ ತೆರೆದೆ ನೀನು?" ಅಂದ ಕೊನೆಗೆ. ಬೈಗುಳವೇನೂ ಅಲ್ಲ, ಸುಮ್ಮನೆ ಕೇಳಿದ್ದು. "ಹೋಗ್ಲಿ ಬಿಡು. ಹಾಡಿಗೆ ಮುಂಚೆ ಹಾಡಿನ ಕತೆ ಹೇಳ್ಬೇಕು ಅಂತ ದೊಡ್ಡೋರು ಸುಮ್ನೆ ಇಟ್ಟಿಲ್ಲ. ಕತೆ ನೀನು ಹೇಳ್ದೇ ಇದ್ರೆ ದಾರೀಲಿ ಹೋಗೋರು ಹೇಳ್ತಾರೆ."

ಭಾನುವಾರ ದೋಣಿ ಪಂದ್ಯ. ಮಧ್ಯಾಹ್ನ ಕಂದು ಹಾಯಿಗಳು ದಡ ಸೇರುವ ಹೊತ್ತಿಗೆ ಮಾರ್ಟೀನನ ಪಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರವರ ಜೊತೆ ಪ್ರವಾಸಿಗರೂ ಇದ್ದರು. ಬಾರ್ಟ್ಲಿ ನಡುವಿನ ಬೆಂಚಿನಲ್ಲಿ ಕೂತಿದ್ದ, ಯಾರ್ಯಾರೋ ಕೊಡಿಸಿದ ಬಿಯರಿನ ಗ್ಲಾಸುಗಳು ಮುಂದಿದ್ದವು. ಪೆಗೀನಳನ್ನು ಕಂಡು ಪಕ್ಕದಲ್ಲಿ ಜಾಗ ಬಿಟ್ಟ.

"ಬಾ ಪೆಗೀನ್!" ಮಾರ್ಟೀನ್ ಗಲ್ಲೆಯ ಹಿಂದಿನಿಂದ ಕೂಗಿದ. "ಟಿವೀಲಿ ವಿಡಿಯೋ ಹಾಕ್ತೀನಿ, ದನಿ ಬಂದ್ ಮಾಡ್ತೀನಿ. ನೀನು ಜೊತೆಗೇ ಹಾಡು. ನಿನ್ನ ಗಂಡಾನೂ ಇದಾನೆ, ಇನ್ನೇನು ಬೇಕು!"

ಜನ ಚಪ್ಪಾಳೆ ತಟ್ಟಿದರು.

"ಹಾಕು, ಮಾರ್ಟೀನ್," ಅಂದಳು ಪೆಗೀನ್. "ನಾನು ಹಾಡು ಎತ್ತಿದಾಗ ಹಾಕು. ನೋಡೇ ಬಿಡೋಣ."

ಅವಳು ಬಾರ್ಟ್ಲಿಯ ಪಕ್ಕದ ಜಾಗವನ್ನು ದಾಟಿ ಹೋಗಿ, ಮೂಲೆಯಲ್ಲಿ ಕೊಲಂ ಅಜ್ಜನ ಹತ್ತಿರ ಒಂದು ಸ್ಟೂಲು ಎಳೆದು, ಗೋಡೆಗೆ ಮುಖ ಮಾಡಿ ಕೂತಳು. ಜನರಿಗೆ ಕಂಡದ್ದು ಅವಳ ಬೆನ್ನು, ಮೈಮೇಲಿನ ಹಳೆಯ ಕೋಟು. ಫೋನು ಎತ್ತಿ ಹಿಡಿದಿದ್ದವರು ಏನು ಮಾಡುವುದೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದರ ಕತೆ ಇಷ್ಟು," ಎಂದಳು ಗೋಡೆಗೆ. ಕತೆ ಹೇಳುವಾಗ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. "ಒಂಬತ್ತು ವರ್ಷದ ಹಿಂದೆ, ಇದೇ ಪಂದ್ಯದ ಭಾನುವಾರ. ನಮ್ಮಮ್ಮ ಗಾಲ್ವೇ ಆಸ್ಪತ್ರೇಲಿ ಇದ್ಲು. ಬೆಳಗ್ಗೆ ಫೋನ್ ಬಂತು, ಬೇಗ ಬನ್ನಿ ಅಂತ. ನಾನು ಓಡಿಬಂದು ನೋಡ್ತೀನಿ, ಕಾರಿಲ್ಲ. ನನ್ನ ಗಂಡ ಪಂದ್ಯಕ್ಕೆ ತಗೊಂಡು ಹೋಗಿದ್ದ. ಫೋನ್ ಮಾಡ್ದೆ. ಇನ್ನೊಂದು ಪಂದ್ಯ ಇದೆ, ಮುಗಿಸ್ಕೊಂಡು ಬರ್ತೀನಿ ಅಂದ. ನಾನು ರಸ್ತೇಲಿ ನಿಂತು ಮೀನಿನ ಲಾರಿಗೆ ಕೈ ಅಡ್ಡ ಹಾಕ್ದೆ. ಮೀನಿನ ಪೆಟ್ಟಿಗೆ ಮೇಲೆ ಕೂತು ಹೋದೆ. ಹೋದಾಗ ಅಮ್ಮನ ಕೈ ಇನ್ನೂ ಬೆಚ್ಚಗಿತ್ತು. ಅಷ್ಟೇ ಸಿಕ್ಕಿದ್ದು ನಂಗೆ. ಮಣ್ಣು ಮಾಡಿ ಬಂದ ದಿನ ಅವನ ಸಾಮಾನು ಕಟ್ಟಿ ಬಾಗಿಲ ಹೊರಗಿಟ್ಟೆ. ಅವನಾಗಿ ಹೋದೋನಲ್ಲ, ನಾನು ಕಳಿಸ್ದೋನು. ಆವತ್ತಿಂದ ಇವತ್ತಿನವರೆಗೂ ಅವನಿಗೋಸ್ಕರ ಒಂದು ಹನಿ ಕಣ್ಣೀರು ಹಾಕಿಲ್ಲ. ದೋಣಿಕಟ್ಟೆ ಮೇಲೆ ನೀವು ನೋಡಿದ್ದು ಗಾಳಿದು."

ಅವಳು ಕಣ್ಣು ಮುಚ್ಚಿದಳು. ಕೊಲಂ ಅಜ್ಜನ ಒರಟು ಕೈ ತಡಕಾಡಿ ಅವಳ ಕೈ ಹಿಡಿಯಿತು. ಹಾಡುವವರ ಕೈ ಹಿಡಿದು ಲಯಕ್ಕೆ ಸರಿಯಾಗಿ ಮೆಲ್ಲಗೆ ಸುತ್ತುವುದು ಹಿಂದಿನವರ ಪದ್ಧತಿ. ಅವಳು ಹಾಡು ಎತ್ತಿಕೊಂಡಳು.

ಮೊದಲ ನುಡಿಗೆ ಸದ್ದಿಲ್ಲ. ಅವರೆಲ್ಲ ಪರದೆ ನೋಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿ ಅಲೆ, ಕಡಲಹಕ್ಕಿ, ತನ್ನದೇ ಒದ್ದೆ ಮುಖ. ಎರಡನೆಯ ನುಡಿಗೂ ಸದ್ದಿಲ್ಲ. ಕೇಳದೆ ಹೋದರೆ? ಕತೆ ಹೇಳಿಯೂ ಇವರಿಗೆ ಕೇಳದೆ ಹೋದರೆ ಈ ಹಾಡು ಇನ್ನು ತನ್ನದಲ್ಲ, ಮನೆಯೂ ತನ್ನದಾಗಿ ಉಳಿಯುವುದು ಅನುಮಾನ. ಅಜ್ಜ ಅವಳ ಕೈಯನ್ನು ಸುತ್ತುತ್ತಲೇ ಇದ್ದ.

ಮೂರನೆಯ ನುಡಿ. ಅಂಗಿ ಕೊಟ್ಟಳು, ಬೂಟು ಕೊಟ್ಟಳು, ಟೋಪಿ ಕೊಟ್ಟಳು. ನಿಟ್ಟುಸಿರು ಬರಲಿಲ್ಲ. "ಮೊಳೆಯ ಕೇಳಬೇಡ" ಎಂದಾಗ ಹಿಂದೆ ಎಲ್ಲೋ ಯಾರೋ ಮೂಗಿನಲ್ಲಿ ಸೊರಕ್ಕೆಂದರು. ಪರದೆಯ ಮೇಲೆ ಬೋಳು ಮೊಳೆ ಬಂದಿರಬೇಕು. "ಕೋಟೆಲ್ಲೇ?" ಎಂದು ಒಂದು ಹೆಣ್ಣುದನಿ ಕೇಳಿತು. ಏಡಿ ಕಾರ್ಖಾನೆಯ ಬೆಂಚಿನವರು. "ಅವಳ ಮೈಮೇಲೇ ಇದ್ಯಲ್ಲೇ!" ಎಂದಳು ಇನ್ನೊಬ್ಬಳು. ಆಗ ತಡೆದಿದ್ದ ನಗು ಕಟ್ಟೆಯೊಡೆಯಿತು. ಗ್ಲಾಸುಗಳು ಅಲುಗಿದವು. "ಭಲೆ ಪೆಗೀನ್!" "ಬಿಡಬೇಡ ಕಣೇ!"

ಆರನೆಯ ನುಡಿ, ಮೀನಿನ ಲಾರಿ. ನಗು ನಿಂತುಹೋಯಿತು. ಯಾರೋ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿದರು. "ಮಾರ್ಟೀನ್, ಆರಿಸೋ ಅದನ್ನ," ಎಂದು ಒಂದು ದನಿ ಗದರಿತು. ಅದು ನೆಲ್ ದನಿಯಾಗಿತ್ತು.

ಹಾಡಿನ ಕೊನೆಯ ಸಾಲನ್ನು ಅಲ್ಲಿ ಹಾಡುವುದಿಲ್ಲ, ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಪೆಗೀನ್ ಗೋಡೆಗೆ ಹೇಳಿದಳು:

"ಹೋಗ್ತಾ ಬಾಗಿಲು ಎಳ್ಕೊಂಡು ಹೋಗು. ಗಾಳಿ ಬರುತ್ತೆ."

ಬೆಂಚು ಸರಿದ ಸದ್ದಾಯಿತು. ಭಾರವಾದ ಹೆಜ್ಜೆಗಳು ಜನರ ನಡುವೆ ದಾರಿ ಮಾಡಿಕೊಂಡು ಹೋದವು. ಬಾಗಿಲು ತೆರೆಯಿತು, ದಡದ ಗದ್ದಲ ಒಳಗೆ ಬಂತು, ಅವಳ ಕುತ್ತಿಗೆಗೆ ತಣ್ಣನೆಯ ಗಾಳಿ ತಾಗಿತು. ಅವನು ಬಾಗಿಲು ಹಾಕಲಿಲ್ಲ. ಹಾಕುವ ಜಾತಿಯವನೂ ಅಲ್ಲ. ನೆಲ್ ಎದ್ದು ಹೋಗಿ ಎಳೆದಳು.

ಹೊರಡುವಾಗ ಪ್ರವಾಸಿ ಹೆಂಗಸೊಬ್ಬಳು ಒದ್ದೆಗಣ್ಣಲ್ಲಿ ಪೆಗೀನಳ ತೋಳು ಹಿಡಿದಳು. ಅವಳಿಗೆ ಐರಿಷಿನ ಒಂದು ಪದವೂ ಬರುತ್ತಿರಲಿಲ್ಲ. "ವಿಡಿಯೋ ನೋಡಿ ಎಷ್ಟು ಅತ್ತಿದ್ದೆ ಗೊತ್ತಾ. ಧೈರ್ಯವಾಗಿರಿ, ಒಂದಿನ ಬಂದೇ ಬರ್ತಾರೆ ಅವರು," ಅಂದಳು.

"ಬಂದಿದ್ದ," ಅಂದಳು ಪೆಗೀನ್. "ಕಳಿಸ್ದೆ."

ಅವಳು ಮನೆ ಸೇರುವಾಗ ಇನ್ನೂ ಬೆಳಕಿತ್ತು. ಹಿಂದಿನ ಕೋಣೆಯಲ್ಲಿ ಸೂಟ್‌ಕೇಸು ಇರಲಿಲ್ಲ. ಅವಸರದಲ್ಲಿ ಟೋಪಿ ಮಾತ್ರ ಮೊಳೆಯ ಮೇಲೇ ಉಳಿದಿತ್ತು. ಪೆಗೀನ್ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೊರಗೆ ಹೋಗಿ, ಅಂಗಳದ ಕಲ್ಲುಗೋಡೆಯ ಮೇಲೆ ರಸ್ತೆಗೆ ಕಾಣುವ ಹಾಗೆ ಇಟ್ಟಳು. ಗಾಳಿ ಎದ್ದಿತ್ತು. ಅವಳು ಬಗ್ಗಿ ಒಂದು ಕಲ್ಲು ಹುಡುಕಿ, ಟೋಪಿ ಹಾರದಂತೆ ಮೇಲಿಟ್ಟು, ಒಳಗೆ ಬಂದು ಕೋಟು ಬಿಚ್ಚಿದಳು.